ಉಗ್ರಾಣದ ಬೀಗದ ಕೈ ಕೊಡದೆ ಅಡುಗೆ ಮಾಡು ಅಂದ್ರೆ

ಈ ಸಲ ಅಡುಗೆಮನೆ ಸುದ್ದಿ ಅಲ್ಲ, ಕಂಪ್ಯೂಟರ್ ಸುದ್ದಿ. "ಅಯ್ಯೋ, ನಮಗ್ಯಾಕೆ ಅದು" ಅಂತ ಇಲ್ಲಿಗೇ ಎದ್ದು ಹೋಗಬೇಡಿ. ನಾನೂ ಪಿಯುಸಿ ಓದಿದವಳೇ, ಅದೂ ಆರ್ಟ್ಸು. ನನಗೆ ಅರ್ಥ ಆಗಿದ್ದು ನಿಮಗೆ ಆಗದೇ ಇರಲ್ಲ. ಇದು ನಮ್ಮತ್ತೆ ಹಾಡಿದ ಪದಗಳ ಸುದ್ದಿಯೂ ಹೌದು. ಅವರನ್ನ ಕಂಡವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರ.

ನಮ್ಮತ್ತೆ ಮಾಗಡಿ ಕಡೆಯವರು. ಸೋಬಾನೆ ಪದ, ರಾಗಿ ಬೀಸೋ ಪದ, ಹೆಣ್ಣು ಒಪ್ಪಿಸೋ ಪದ, ಎಲ್ಲಾ ಬಾಯಲ್ಲೇ. ಕಾಗದದ ಮೇಲೆ ಒಂದಕ್ಷರ ಇಲ್ಲ. ಅವರಿಗೆ ಬರೆಯೋಕೆ ಬರ್ತಿರಲಿಲ್ಲ, ಬರೆಯೋಕೆ ಬರ್ತಿದ್ದ ನಮಗೆ ಪುರುಸೊತ್ತಿರಲಿಲ್ಲ. 2023ರಲ್ಲಿ ಓರಗಿತ್ತಿ ಮಗಳ ಮದುವೆ ಆಯ್ತಲ್ಲ, ಚಪ್ಪರದ ದಿನ ಅವರು ಒಂದು ಪದ ಶುರು ಮಾಡಿದ್ರೆ ಸೊಲ್ಲು ಹಿಡಿಯೋರೇ ಇರಲಿಲ್ಲ. ಡಿಜೆ ಹಾಕಿದ್ರು. ಆವಾಗ ನನ್ನ ಹೊಟ್ಟೆಗೆ ಏನೋ ಆಯ್ತು. ಮದುವೆ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಅಡುಗೆಮನೆಯಲ್ಲಿ ಅವರನ್ನ ಕೂರಿಸಿಕೊಂಡು ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರೆಕಾಯಿ ಬಿಡಿಸ್ತಾ, ಸೊಪ್ಪು ಸೋಸ್ತಾ ಹಾಡ್ತಿದ್ರು. ಒಟ್ಟು 19 ಆಯ್ತು. ಮಾರನೇ ವರ್ಷ ಅವರು ಹೋದ್ರು. ಆಮೇಲೆ ಆ ಫೋನು ಬಚ್ಚಲ ಬಕೆಟ್ಟಿಗೆ ಬಿದ್ದು ಅದೂ ಹೋಯ್ತು. ಆದ್ರೆ ನನಗೆ ಚಿಂತೆ ಇರಲಿಲ್ಲ. ಫೋನಿಂದ ಕಂಪ್ಯೂಟರ್‌ಗೆ ಹಾಕಿಟ್ಟಿದ್ದೆ. ಕಂಪ್ಯೂಟರ್‌ನಿಂದ ಡಬ್ಬಿಗೆ ಹೋಗುತ್ತೆ ಅಂತ ನಂಬಿದ್ದೆ.

ಡಬ್ಬಿ ಅಂದ್ರೆ ಏನು ಅಂತ ಹೇಳಬೇಕು. ನಮ್ಮ ಮನೆಗೆ ಬಂದವರು ನೋಡಿರ್ತೀರ, ಟೀವಿ ಕೆಳಗೆ ರೌಟರ್ ಪಕ್ಕ ಒಂದು ಕರೀ ಪೆಟ್ಟಿಗೆ, ಮುಂದೆ ಹಸಿರು ದೀಪ. ಒಬ್ಬರು "ಇದೇನು ಸೊಳ್ಳೆ ಓಡಿಸೋದಾ" ಅಂತಲೂ ಕೇಳಿದ್ರು. ಅದರೊಳಗೆ ಎರಡು ಹಾರ್ಡ್ ಡಿಸ್ಕ್ ಇವೆ. 2019ರಲ್ಲಿ ದೊಡ್ಡವನು ಹೊರದೇಶಕ್ಕೆ ಹೊರಡುವಾಗ ಕೂರಿಸಿ ಹೋದ. ರಾತ್ರಿ ಎರಡು ಗಂಟೆಗೆ, ನಾವೆಲ್ಲ ಮಲಗಿರುವಾಗ, ಅದು ಮನೆಯ ನೆಟ್‌ವರ್ಕಿನ ಮೂಲಕ ಕಂಪ್ಯೂಟರ್ ಒಳಗೆ ಬಂದು ಹೊಸದಾಗಿ ಏನು ಸೇರಿದೆ ನೋಡಿ ಒಂದು ನಕಲು ತಗೊಂಡು ಹೋಗುತ್ತೆ. ಅದಕ್ಕೆ ಅವನು 'ಬ್ಯಾಕಪ್' ಅಂತ ಒಂದು ಬೇರೆ ಅಕೌಂಟೇ ಮಾಡಿಕೊಟ್ಟಿದ್ದ. ಮನೆಗೆ ಕೆಲಸದವರು ಬಂದು ಹೋದ ಹಾಗೆ ಅಂತಿಟ್ಟುಕೊಳ್ಳಿ. "ಅಮ್ಮ, ನೀನು ಏನೂ ಮಾಡಬೇಡ, ಎಲ್ಲಾ ಆಟೋಮೆಟಿಕ್" ಅಂದ. ನಾನು ಏನೂ ಮಾಡಲಿಲ್ಲ. ಹಬ್ಬದ ದಿನ ಅದಕ್ಕೂ ಒಂದು ಹೂವು ಇಡ್ತಿದ್ದೆ, ಅಷ್ಟೇ.

ಅತ್ತೆಯ ವರ್ಷದ ಎಡೆಗೆ ನಾದಿನಿ ಊರಿಂದ ಬಂದಿದ್ಲು. ಎಲ್ಲಾ ಮುಗಿದು ರಾತ್ರಿ ಚಾಪೆ ಹಾಸಿಕೊಂಡು ಕೂತಾಗ, "ಅತ್ತಿಗೆ, ಅಮ್ಮ ಹೆಣ್ಣು ಒಪ್ಪಿಸೋ ಪದ ಹೇಳಿದ್ದು ನಿಮ್ಮ ಹತ್ರ ಇದೆಯಂತಲ್ಲ, ಹಾಕಿ" ಅಂದ್ಲು. ಅವಳ ಮದುವೆಯಲ್ಲಿ ಹಾಡಿದ್ದ ಪದ ಅದು. ಕಂಪ್ಯೂಟರ್ ಹಾಕಿದೆ. ಅದು ಕೆಲವು ದಿನದಿಂದ ಬಹಳ ನಿಧಾನ ಆಗಿತ್ತು, ಒಳಗಿಂದ ಟಕ್ ಟಕ್ ಅಂತ ಶಬ್ದ ಬೇರೆ. ಅವತ್ತು ಐದು ನಿಮಿಷ ಆದ್ರೂ ಏಳಲೇ ಇಲ್ಲ. ನಾನು ಧಿಮಾಕಿನಿಂದ "ಇದು ಹೋದ್ರೂ ಯೋಚನೆ ಇಲ್ಲ ಕಣೇ, ಡಬ್ಬಿಯಲ್ಲಿದೆ" ಅಂತ ಫೋನಿಂದಲೇ ಡಬ್ಬಿ ತೆಗೆದೆ.

ನಮ್ಮನೆಯವರ ಹೆಸರಿನ ಫೋಲ್ಡರ್ ತುಂಬಿ ತುಳುಕ್ತಿತ್ತು. ಹತ್ತು ವರ್ಷದ ಕರೆಂಟ್ ಬಿಲ್ಲು, ಪಿಎಫ್ ಕಾಗದ, ಮನೆ ಪತ್ರದ ಸ್ಕ್ಯಾನು, ಹೆಬ್ಬೆಟ್ಟು ಅಡ್ಡ ಬಂದಿರೋ ನೂರಾರು ಫೋಟೋ. ನನ್ನ ಹೆಸರಿನ ಫೋಲ್ಡರೂ ಇತ್ತು. ತೆಗೆದ್ರೆ ಒಳಗೆ ಒಂದೇ ಒಂದು ಫೈಲಿಲ್ಲ. ತೊಳೆದಿಟ್ಟ ಪಾತ್ರೆ ಥರ ಖಾಲಿ. ಹಸಿರು ದೀಪ ಮಾತ್ರ ಉರೀತಾನೇ ಇತ್ತು.

ನಾದಿನಿ ಏನೂ ಅನ್ನಲಿಲ್ಲ. "ಇರಲಿ ಬಿಡಿ ಅತ್ತಿಗೆ" ಅಂದ್ಲು. ಬೈದಿದ್ರೆ ವಾಸಿ ಇತ್ತು.

ಮಗನಿಗೆ ಫೋನ್ ಮಾಡಿದೆ. ಮೊದಲು ಅವನು ಹೇಳಿದ್ದು, "ಅಮ್ಮ, ಪದೇ ಪದೇ ಆನ್ ಆಫ್ ಮಾಡಬೇಡ, ಟಕ್ ಟಕ್ ಅಂದ್ರೆ ಡಿಸ್ಕ್ ಸಾಯ್ತಾ ಇದೆ ಅಂತ. ಒಂದು ಸಲ ಎದ್ದರೆ ಸಾಕು, ಬೇರೇನೂ ಮುಟ್ಟದೆ ಹಾಡು ಮಾತ್ರ ಪೆನ್‌ಡ್ರೈವ್‌ಗೆ ಹಾಕ್ಕೋ." ಮಾರನೇ ಬೆಳಗ್ಗೆ ದೇವರ ಮೇಲೆ ಭಾರ ಹಾಕಿ ಆನ್ ಮಾಡಿದೆ. ಎದ್ದಿತು. ಒಂದೊಂದು ಹಾಡು ಹೊರಗೆ ಬರೋಕೆ ಒಂದು ಸೇರು ಅಕ್ಕಿ ಆರಿಸೋವಷ್ಟು ಹೊತ್ತು. ಸಂಜೆ ದೀಪ ಹಚ್ಚೋ ಹೊತ್ತಿಗೆ 17 ಪೂರ್ತಿ ಬಂದವು. ಒಂದು ಬರಲೇ ಇಲ್ಲ. ಇನ್ನೊಂದು 40 ಸೆಕೆಂಡ್ ಆಗಿ ನಿಂತುಬಿಡುತ್ತೆ. ಅದೇ ಹೆಣ್ಣು ಒಪ್ಪಿಸೋ ಪದ.

ಡಿಸ್ಕನ್ನ ಎಸ್.ಪಿ. ರೋಡಿಗೂ ತಗೊಂಡು ಹೋದ್ವಿ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು, ಸೆರಗಲ್ಲಿ ಸುತ್ತಿಕೊಂಡು, ಮಗು ಕರ್ಕೊಂಡು ಹೋದ ಹಾಗೆ. ಅಂಗಡಿಯವರು ಮರ್ಯಾದೆಯಿಂದಲೇ ನೋಡಿದ್ರು, ಆ ಎರಡು ಇರೋ ಜಾಗವೇ ಕೆಟ್ಟಿದೆ ಅಂದ್ರು.

ಈಗ ಅಸಲು ವಿಷಯ. ಡಬ್ಬಿ ಯಾಕೆ ನನ್ನ ಫೋಲ್ಡರ್ ಮಾತ್ರ ಬಿಟ್ಟಿತ್ತು?

ಮಗ ಡಬ್ಬಿಯ ಲಾಗ್ ತೆಗೆಸಿದ. ಲಾಗ್ ಅಂದ್ರೆ ಅದು ಬರೆದಿಡೋ ದಿನಚರಿ. ನೋಡಿದ್ರೆ 2022ರಿಂದ ದಿನಾ ರಾತ್ರಿ ಒಂದೇ ಸಾಲು: ನನ್ನ ಹೆಸರು, ಮುಂದೆ 'ಪರ್ಮಿಷನ್ ಡಿನೈಡ್'. ಕೊನೆಗೆ ಕೋಡ್ 23. ನಕಲು ಮಾಡೋ ಆ ಪ್ರೋಗ್ರಾಂ ಹೆಸರು ಆರ್‌ಸಿಂಕ್, ಅದರ ಭಾಷೆಯಲ್ಲಿ 23 ಅಂದ್ರೆ 'ಸ್ವಲ್ಪ ಆಯ್ತು, ಸ್ವಲ್ಪ ಆಗಲಿಲ್ಲ' ಅಂತ. ಪಾಪ, ಅದು ಮೂರು ವರ್ಷ ದಿನಾ ಬಂದು ನನ್ನ ಬಾಗಿಲು ತಟ್ಟಿ, ತೆಗೆಯೋರಿಲ್ಲ ಅಂತ ಚೀಟಿ ಬರೆದಿಟ್ಟು ಹೋಗಿದೆ. ಚೀಟಿ ಓದೋರಿಲ್ಲ. ಫೋಲ್ಡರ್ ಹೆಸರು ಹೊರಗಿಂದ ಕಾಣುತ್ತಲ್ಲ, ಅದನ್ನ ಮಾತ್ರ ಬರಕೊಂಡು ಹೋಗಿದೆ. ಅದಕ್ಕೇ ಖಾಲಿ ಪಾತ್ರೆ.

ಮತ್ತೆ ನಮ್ಮನೆಯವರದ್ದು ಹೇಗೆ ಹೋಯ್ತು? ಇಲ್ಲೇ ತಮಾಷೆ. ನಮ್ಮ ಕಂಪ್ಯೂಟರ್‌ಗೆ ಮಗ ವಿಂಡೋಸ್ ತೆಗೆದು ಉಬುಂಟು ಹಾಕಿದ್ದ. ಅದರಲ್ಲಿ ಪ್ರತಿ ಫೋಲ್ಡರ್‌ಗೂ ಮೂರು ಥರದ ಜನ: ಒಡೆಯ, ಒಡೆಯನ ಗುಂಪು, ಉಳಿದವರು. ಒಬ್ಬೊಬ್ಬರಿಗೂ ಒಂದೊಂದು ಅಂಕಿ. ಓದೋಕೆ 4, ಬರೆಯೋಕೆ 2, ಫೋಲ್ಡರ್ ಆದ್ರೆ ಒಳಗೆ ಕಾಲಿಡೋಕೆ 1. ಎಲ್ಲಾ ಇದ್ರೆ ಕೂಡಿಸಿ 7. ಓದಬಹುದು, ಒಳಗೆ ಬರಬಹುದು, ಏನೂ ಬದಲಾಯಿಸೋ ಹಾಗಿಲ್ಲ ಅಂದ್ರೆ 5. ಏನೂ ಇಲ್ಲ ಅಂದ್ರೆ ಸೊನ್ನೆ. ಮಗ್ಗಿ ಬಂದ್ರೆ ಸಾಕು, ಇಷ್ಟೇ ಲೆಕ್ಕ.

ನಮ್ಮನೆಯವರ ಅಕೌಂಟು ಹಳೇದು. ಆಗಿನ ಉಬುಂಟು ಹೊಸ ಅಕೌಂಟ್‌ಗೆ ತಾನಾಗೇ 755 ಕೊಡ್ತಿತ್ತು. ಅಂದ್ರೆ ಉಳಿದವರೂ ಬಂದು ನೋಡಬಹುದು. ಹಳ್ಳಿಯಲ್ಲಿ ಹಗಲು ಹೊತ್ತು ತೆರೆದಿಟ್ಟ ಬಾಗಿಲು. 2021ರ 21.04 ಆವೃತ್ತಿಯಿಂದ ಅವರು ಇದನ್ನ 750 ಮಾಡಿದ್ರು, ಉಳಿದವರಿಗೆ ಸೊನ್ನೆ. ಒಳ್ಳೇದಕ್ಕೇ ಮಾಡಿದ್ದು, ಒಬ್ಬರದ್ದು ಇನ್ನೊಬ್ಬರು ನೋಡಬಾರದು ಅಂತ. ಆದ್ರೆ ಹಳೇ ಅಕೌಂಟ್‌ಗಳನ್ನ ಹಾಗೇ ಬಿಟ್ರು. 2022ರಲ್ಲಿ ರಜಕ್ಕೆ ಬಂದಾಗ ಮಗ ಕಂಪ್ಯೂಟರ್‌ನ ಹೊಸ ಆವೃತ್ತಿಗೆ ಏರಿಸಿದ, ನಾನು ಈ ಪುಟ ಬರೆಯೋಕೆ ಶುರು ಮಾಡಿದ್ದೆ ಅಂತ ನನಗೂ ಒಂದು ಅಕೌಂಟ್ ಮಾಡಿಕೊಟ್ಟ. ಹಾಗಾಗಿ ಒಂದೇ ಕಂಪ್ಯೂಟರ್‌ನಲ್ಲಿ ಗಂಡನದ್ದು 755, ಹೆಂಡತಿಯದ್ದು 750. ಬ್ಯಾಕಪ್ ಅನ್ನೋ ಅಕೌಂಟು 'ಉಳಿದವರು' ಲೆಕ್ಕಕ್ಕೆ ಸೇರಿದ್ದು. ಅವರ ಬಾಗಿಲು ತೆರೆದಿತ್ತು, ನನ್ನ ಬಾಗಿಲು ಹಾಕಿತ್ತು. ಯಾರ ತಪ್ಪೂ ಅಲ್ಲ, ಆದ್ರೂ ಕರೆಂಟ್ ಬಿಲ್ಲು ಉಳೀತು, ಪದ ಹೋಯ್ತು.

ಇದನ್ನ ಕೇಳಿದಾಗ ನನಗೆ ನೆನಪಾಗಿದ್ದು ನಾನು ಮದುವೆಯಾಗಿ ಬಂದ ಹೊಸದು. ಆಗ ಊರಲ್ಲೇ ಇದ್ವಿ, ಒಟ್ಟು ಕುಟುಂಬ. ಹಬ್ಬದ ದಿನ ಮೂವತ್ತು ಜನಕ್ಕೆ ಅಡುಗೆ ಮಾಡು ಅಂತ ನನಗೆ ಹೇಳೋರು. ಉಗ್ರಾಣದ ಬೀಗದ ಕೈ ಮಾತ್ರ ನಮ್ಮತ್ತೆ ಸೊಂಟದಲ್ಲಿ. ಬೆಲ್ಲ ಬೇಕು ಅಂದ್ರೆ ಅವರು ಹೊಲದಿಂದ ಬರಬೇಕು. ಒಂದು ಸಲ ಪಾಯಸಕ್ಕೆ ಬೆಲ್ಲ ಇಲ್ಲದೆ ಹಾಗೇ ಬಡಿಸಿ ಎಲ್ಲರ ಮುಂದೆ ಬೈಸಿಕೊಂಡೆ. ಕೆಲಸ ಒಪ್ಪಿಸಿದ್ದಾರೆ, ಕೈಗೆ ಅಧಿಕಾರ ಕೊಟ್ಟಿಲ್ಲ. ನಮ್ಮ ಡಬ್ಬಿಗೂ ಅದೇ ಗತಿ. ಅದಕ್ಕೇ ಆ ಮೂರು ವರ್ಷದ ಲಾಗ್ ನೋಡಿ ನನಗೆ ಡಬ್ಬಿ ಮೇಲೆ ಸಿಟ್ಟು ಬರಲಿಲ್ಲ.

ನಮ್ಮತ್ತೆ ಮೇಲೆ ದೂರು ಹೇಳ್ತಿದ್ದೀನಿ ಅಂದುಕೋಬೇಡಿ. ಉಗ್ರಾಣ ಬಾಚಿಟ್ಟಿದ್ರೆ ಯುಗಾದಿ ಹೊತ್ತಿಗೆ ಬರೀ ಗೋಡೆ ಇರೋದು, ಅದೂ ನನಗೆ ಆಮೇಲೆ ಗೊತ್ತಾಯ್ತು. ಅದಕ್ಕೇ ಮುಂದಿನ ಮಾತು.

ಡಬ್ಬಿ ಸುದ್ದಿ ತಿಳಿದು ಎದುರು ಮನೆ ಹುಡುಗ ಬಂದ. ಇಂಜಿನಿಯರಿಂಗ್ ಓದ್ತಾನೆ, ಒಳ್ಳೇ ಹುಡುಗ. "ಆಂಟಿ, ತಲೆ ಕೆಡಿಸಿಕೋಬೇಡಿ, ಎಲ್ಲಾದಕ್ಕೂ 777 ಹೊಡೆದುಬಿಡ್ತೀನಿ, ಇನ್ನೊಂದು ಸಲ ಈ ಎರರ್ ಬಂದ್ರೆ ಕೇಳಿ" ಅಂದ. ಅಷ್ಟು ಹೊತ್ತಿಗೆ ನನಗೆ ಅಂಕಿ ಲೆಕ್ಕ ಬಂದಿತ್ತಲ್ಲ, ಬೇಡಪ್ಪ ಅಂದೆ. 777 ಅಂದ್ರೆ ಒಡೆಯನಿಗೂ ಎಲ್ಲಾ, ಗುಂಪಿಗೂ ಎಲ್ಲಾ, ದಾರಿಹೋಕರಿಗೂ ಎಲ್ಲಾ. ಓದೋದಷ್ಟೇ ಅಲ್ಲ, ತಿದ್ದೋದು, ಅಳಿಸೋದು ಕೂಡ. ಅಡುಗೆಯವಳಿಗೆ ಬೆಲ್ಲ ಬೇಕು ಅಂತ ಉಗ್ರಾಣದ ಬಾಗಿಲೇ ಕಿತ್ತು ಹಿತ್ತಲಿಗೆ ಎಸೆದ ಹಾಗೆ.

ಈ 777 ರೋಗ ಬಹಳ ಕಡೆ ಇದೆಯಂತೆ. ಎರರ್ ಹೋಯ್ತು ಅಂದ್ರೆ ಕಾಯಿಲೆ ಹೋಯ್ತು ಅಂತ ತಿಳಿಯೋರು. ನನ್ನ ಅಭಿಪ್ರಾಯ ಕೇಳಿದ್ರೆ, ಎರರ್ ಇದ್ದದ್ದೇ ವಾಸಿ. ನಕಲು ಮಾಡೋನಿಗೆ ಓದೋಕೆ ಬಿಟ್ರೆ ಸಾಕು, ಅಳಿಸೋ ಅಧಿಕಾರ ಅವನಿಗ್ಯಾಕೆ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಒಂದು ಪಿಡುಗು ಬಂತು, ನೆನಪಿರಬಹುದು, ಇಂಗ್ಲೆಂಡಿನ ಆಸ್ಪತ್ರೆಗಳೇ ನಿಂತುಹೋದ್ವು. ಕಂಪ್ಯೂಟರ್ ಒಳಗೆ ಹೊಕ್ಕು ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಿತ್ತು. ಅಂಥದ್ದು ಬೀಗ ಹಾಕೋಕೆ ಆಗೋದು ಬರೆಯೋ ಅನುಮತಿ ಇರೋ ಕಡೆ ಮಾತ್ರ. ಎಲ್ಲಾ ಕಡೆ 7 ಕೊಟ್ಟು ಕೂತ್ರೆ ಅದಕ್ಕೆ ಆರತಿ ಎತ್ತಿ ಕರೆದ ಹಾಗೆ. ಇನ್ನೊಂದು ಮಜಾ ಏನಂದ್ರೆ, ಆ ಹುಡುಗ ಹೇಳಿದ ಹಾಗೆ ಎಲ್ಲರ ಫೋಲ್ಡರ್‌ಗೂ, ಬ್ಯಾಕಪ್ ಅಕೌಂಟಿನದ್ದೂ ಸೇರಿಸಿ, 777 ಹೊಡೆದಿದ್ರೆ ಡಬ್ಬಿ ಪೂರ್ತಿ ಹೊರಗೇ ನಿಲ್ಲಬೇಕಿತ್ತು. ಅದು ಒಳಗೆ ಬರೋದು ಎಸ್‌ಎಸ್‌ಎಚ್ ಅನ್ನೋ ದಾರಿಯಲ್ಲಿ, ಒಂದು ಕೀಲಿ ತೋರಿಸಿ. ಆ ಕೀಲಿಯ ವಿವರ ಇಟ್ಟಿರೋ ಜಾಗವನ್ನ ಯಾರು ಬೇಕಾದರೂ ತಿದ್ದಬಹುದು ಅಂತಿದ್ರೆ, ಎಸ್‌ಎಸ್‌ಎಚ್ ಆ ಕೀಲಿಯನ್ನ ಒಪ್ಪೋದೇ ಇಲ್ಲ. ಎಷ್ಟು ಬುದ್ಧಿವಂತಿಕೆ ನೋಡಿ. ಇದನ್ನ ಕಟ್ಟಿದವರ ಮನೆಯಲ್ಲೂ ಒಬ್ಬ ಅತ್ತೆ ಇದ್ದಿರಬೇಕು.

ಸರಿಯಾದ ಪರಿಹಾರ ಬಹಳ ಸಣ್ಣದು. 750ರಲ್ಲಿ ನಡುವಿನ 5 ಗುಂಪಿಗೆ. ಓದಬಹುದು, ಬರಬಹುದು, ತಿದ್ದೋ ಹಾಗಿಲ್ಲ. ನಮಗೆ ಬೇಕಿದ್ದು ಅದೇ ತಾನೆ? ಬ್ಯಾಕಪ್ ಅಕೌಂಟನ್ನ ನನ್ನ ಗುಂಪಿಗೆ ಸೇರಿಸಿದ್ರೆ ಆಯ್ತು. ಒಂದೇ ಸಾಲಿನ ಆಜ್ಞೆ. ಉಳಿದವರ ಸೊನ್ನೆ ಸೊನ್ನೆಯಾಗೇ ಇರುತ್ತೆ. ಮಗ ಫೋನಲ್ಲಿ ಅಕ್ಷರ ಅಕ್ಷರ ಹೇಳಿದ, ನಾನೇ ಟೈಪ್ ಮಾಡಿದೆ. ಅವನೇ ದೂರದಿಂದ ಮಾಡಬಹುದಿತ್ತು, ನಾನು ಬಿಡಲಿಲ್ಲ.

ಹೊಸ ಡಿಸ್ಕ್ ಹಾಕಿ ಉಬುಂಟು ಕೂರಿಸಿದಾಗ ಇನ್ನೊಂದು ಪ್ರಹಸನ. ಈ ಸಲ ಮೊದಲ ಅಕೌಂಟ್ ನನ್ನ ಹೆಸರಲ್ಲೇ ಆಗಲಿ ಅಂತ ಹಟ ಮಾಡಿ ಮಾಡಿಸಿಕೊಂಡೆ. ಆಮೇಲೆ ಹಳೇ ಡಿಸ್ಕನ್ನ ಒಂದು ಕೇಸಿನಲ್ಲಿ ಹಾಕಿ ಸಿಕ್ಕಿಸಿ, ಉಳಿದದ್ದು ಏನಾದರೂ ಸಿಗುತ್ತಾ ನೋಡೋಣ ಅಂತ ನನ್ನ ಫೋಲ್ಡರ್ ಒತ್ತಿದ್ರೆ 'ನಿಮಗೆ ಅನುಮತಿ ಇಲ್ಲ'. ನನ್ನದೇ ಹೆಸರು, ನನ್ನದೇ ಫೋಲ್ಡರ್, ನನಗೇ ಅನುಮತಿ ಇಲ್ಲ! ಆದ್ರೆ ನಮ್ಮನೆಯವರ ಫೋಲ್ಡರ್ ತಿದ್ದೋಕೂ ಬಿಡ್ತು, ಅಳಿಸೋಕೂ ಬಿಡ್ತು. ಕಾರಣ ಏನು ಗೊತ್ತಾ? ಕಂಪ್ಯೂಟರ್‌ಗೆ ನಮ್ಮ ಹೆಸರು ಲೆಕ್ಕಕ್ಕಿಲ್ಲ, ನಂಬರ್ ಮಾತ್ರ. ಉಬುಂಟುವಿನಲ್ಲಿ ಮೊದಲ ಅಕೌಂಟ್‌ಗೆ 1000 ಅಂತ ನಂಬರ್ ಸಿಗುತ್ತೆ. ಹಳೇದರಲ್ಲಿ ನಮ್ಮನೆಯವರು 1000, ಬ್ಯಾಕಪ್ 1001, ನಾನು 1002. ಹೊಸದರಲ್ಲಿ ನಾನು 1000. ಅದರ ಲೆಕ್ಕದಲ್ಲಿ ನಾನೇ ನಮ್ಮನೆಯವರು! ಒಂದು ದಿನ ಅವರ ಕೆಟ್ಟ ಫೋಟೋಗಳನ್ನೆಲ್ಲ ಅಳಿಸಿಬಿಡೋ ಆಸೆ ಬಂದಿದ್ದು ಸುಳ್ಳಲ್ಲ. ಒಡೆತನ ಬದಲಾಯಿಸೋಕೆ ಇನ್ನೊಂದು ಆಜ್ಞೆ ಇದೆ, ಅದನ್ನ ಕೊಟ್ಟು ಸರಿ ಮಾಡಿಕೊಂಡ್ವಿ. ನಿಮ್ಮಲ್ಲಿ ಯಾರಾದ್ರೂ ಹಳೇ ಡಿಸ್ಕ್ ಸಿಕ್ಕಿಸಿದಾಗ ಹೀಗಾದ್ರೆ ಫೈಲ್ ಹೋಯ್ತು ಅಂತ ಅಳಬೇಡಿ. ಫೈಲ್ ಅಲ್ಲೇ ಇರುತ್ತೆ, ನಂಬರ್ ತಪ್ಪಿರುತ್ತೆ.

ಈ ದಿನಗಳಲ್ಲಿ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಮೂಡಬಿದಿರೆ. ಹಿಂದೊಮ್ಮೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಸಾವಿರ ಕಂಬದ ಬಸದಿ ನೋಡಿ ಬಂದಿದ್ವಿ. ಅದೇ ಊರಿನ ಗುರು ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಅಂತ ಜೈನರ ಸಿದ್ಧಾಂತ ಗ್ರಂಥಗಳ ತಾಳೆಗರಿ ಇವೆ. ಭಾಷೆ ಪ್ರಾಕೃತ, ಸಂಸ್ಕೃತ, ಆದ್ರೆ ಬರೆದಿರೋದು ನಮ್ಮ ಹಳೇ ಕನ್ನಡ ಲಿಪಿಯಲ್ಲಿ. ಲೋಕದಲ್ಲೆಲ್ಲ ಅವು ಉಳಿದಿದ್ದು ಅದೊಂದೇ ಕಡೆ. ನೂರಾರು ವರ್ಷ ಅವುಗಳ ದರ್ಶನ ಮಾತ್ರ, ಭಕ್ತರು ದೂರದಿಂದ ಕೈ ಮುಗಿದು ಹೋಗಬೇಕು. ಓದೋ ಹಾಗಿಲ್ಲ, ನಕಲು ಮಾಡೋ ಹಾಗಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ, ಗರಿ ಹಾಳಾಗಿ ಹೋದ್ರೆ ಏನು ಗತಿ ಅಂತ ಶ್ರೀಮಂತ ಜೈನರು ಒತ್ತಾಯ ಮಾಡಿ ನಕಲು ಶುರು ಮಾಡಿಸಿದ್ರು. ಆ ಕೆಲಸ ಮುಗಿಯೋಕೆ ಇಪ್ಪತ್ತೈದು ವರ್ಷದ ಮೇಲೆ ಹಿಡೀತು. ಆದ್ರೆ ಆ ನಕಲೂ ಬಸದಿಯಿಂದ ಆಚೆ ಹೋಗೋ ಹಾಗಿಲ್ಲ.

ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ರೆ ಅದು ಎಂಥ ಬ್ಯಾಕಪ್? ಬೆಂಕಿ ಬಿದ್ರೆ ಎರಡೂ ಹೋಗುತ್ತೆ. ನಕಲು ಮಾಡ್ತಿದ್ದ ಗಜಪತಿ ಶಾಸ್ತ್ರಿಗಳಿಗೆ ಹೀಗೇ ಅನ್ನಿಸಿತೋ, ಬೇರೇನು ಅನ್ನಿಸಿತೋ, ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿದ್ರು. ಅದಕ್ಕೆ ಕೈ ಜೋಡಿಸಿದ್ದು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನ್‌ಪುರ ಸೇರಿ, ಅಲ್ಲಿಂದ ಮತ್ತೆ ನಕಲಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯ್ತು. ಲಕ್ಷ್ಮೀಬಾಯಿ ಮನೆಕೆಲಸ ಮುಗಿಸಿ ಎಷ್ಟು ಹೊತ್ತಿಗೆ ಬರೆಯೋಕೆ ಕೂರ್ತಿದ್ರೋ, ಎಣ್ಣೆ ದೀಪದಲ್ಲೋ ಏನೋ, ಅವರ ಕೈಯನ್ನ ನೆನೆಸಿಕೊಂಡ್ರೆ ನನಗೆ ಏನೋ ಆಗುತ್ತೆ.

ಅವರು ಮಾಡಿದ್ದು ಕದ್ದು. ಅನುಮತಿ ಇಲ್ಲದ್ದನ್ನ ಮಾಡಿದ್ರು. ಸರಿಯೋ ತಪ್ಪೋ ಅಂತ ನಮ್ಮನೆಯಲ್ಲಿ ಒಂದು ಊಟದ ಹೊತ್ತು ಪೂರ್ತಿ ಜಗಳ ಆಯ್ತು. ನಮ್ಮನೆಯವರು, "ಬಸದಿಯವರು ಅಷ್ಟು ಬಿಗಿ ಇಟ್ಟಿದ್ದಕ್ಕೇ ಅವು ಅಷ್ಟು ಕಾಲ ಉಳಿದದ್ದು" ಅಂದ್ರು. ಅದು ನಿಜ. ಸಿಕ್ಕವರ ಕೈಗೆಲ್ಲ ಕೊಟ್ಟಿದ್ರೆ ಗರಿ ಪುಡಿಯಾಗ್ತಿತ್ತು, ಅದು 777 ಆಗ್ತಿತ್ತು. ಆದ್ರೆ ಯಾರಿಗೂ ಕೊಡದೇ ಇದ್ದಿದ್ರೆ ಗೆದ್ದಲಿಗೆ ಕೊಟ್ಟ ಹಾಗೆ. ಒಬ್ಬರಿಗೆ, ಓದಿ ಬರಕೊಳ್ಳೋಕೆ ಮಾತ್ರ, ಮೊದಲೇ ಕೊಟ್ಟು, ಒಂದು ಪ್ರತಿ ಬೇರೆ ಊರಲ್ಲಿ ಇಡಿಸಿದ್ರೆ ಯಾರೂ ಕದಿಯಬೇಕಾಗಿರಲಿಲ್ಲ ಅನ್ನೋದು ನನ್ನ ವಾದ. ಅವರು ಒಪ್ಪಲಿಲ್ಲ. ಮೊಸರನ್ನ ಮಾತ್ರ ಎರಡು ಸಲ ಹಾಕಿಸಿಕೊಂಡ್ರು.

ಇದನ್ನ ಹೇಳಿದಾಗ ನಾದಿನಿ ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು. "ಅತ್ತಿಗೆ, ಡಬ್ಬಿ ನಿಮ್ಮದೆಲ್ಲ ಓದುತ್ತೆ ಅಂದ್ರೆ, ಹಾಲಲ್ಲಿ ಇರೋ ಡಬ್ಬಿಯಿಂದ ಮನೆಯವರೆಲ್ಲ ನಿಮ್ಮದು ಓದಬಹುದಲ್ಲ?" ಹೌದು, ಡಬ್ಬಿ ಕಡೆಯೂ ಅನುಮತಿ ಸರಿ ಇಡಬೇಕು. ಇಲ್ಲದಿದ್ರೆ ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರು ಹೊಡೆದ ಹಾಗೆ. ಅಲ್ಲಿ ನನ್ನ ಫೋಲ್ಡರ್ ನನಗೆ ಮಾತ್ರ ಅಂತ ಮಾಡಿಸಿದೆ. ಆದ್ರೂ ನನ್ನ ಹತ್ರ 'ಮನಸಿನ ಮಾತು' ಅಂತ ಒಂದು ಫೋಲ್ಡರ್ ಇದೆ, ಸಿಟ್ಟು ಬಂದಾಗ ಬರೆದು ಇಟ್ಟಿದ್ದು. ನಿಮ್ಮಲ್ಲಿ ಕೆಲವರ ಬಗ್ಗೆಯೂ ಇದೆ, ಹೆದರಬೇಡಿ. ಅದು ಎಲ್ಲಿಗೂ ಹೋಗೋದು ಬೇಡ, ಡಿಸ್ಕ್ ಜೊತೆಗೇ ಹೋದ್ರೆ ಹೋಗಲಿ ಅಂತ ತೀರ್ಮಾನ ಮಾಡಿದೆ. ಅದಕ್ಕೆ ಅನುಮತಿ ಇಲ್ಲ. ಸುಮ್ಮನೆ ಅನುಮತಿ ತೆಗೆದ್ರೆ ಸಾಲದು, ಡಬ್ಬಿಗೆ 'ಇದನ್ನ ಬಿಟ್ಟುಬಿಡು' ಅಂತಲೂ ಹೇಳಬೇಕು. ಇಲ್ಲದಿದ್ರೆ ದಿನಾ 23 ಬರೆಯುತ್ತೆ, ದಿನಾ ಬಂದದ್ದನ್ನ ಯಾರೂ ಓದಲ್ಲ, ನಿಜವಾದ ಎರರ್ ಬಂದ ದಿನ ಅದೂ ಅದರಲ್ಲೇ ಮುಚ್ಚಿಹೋಗುತ್ತೆ. ನಾನೇ ಬೇಡ ಅಂತ ಬಿಟ್ಟಿದ್ದು ಬೇರೆ, ನನಗೆ ಗೊತ್ತಿಲ್ಲದೆ ಬಿಟ್ಟುಹೋಗಿದ್ದು ಬೇರೆ.

"ನಮ್ಮನೆಯಲ್ಲಿ ಡಬ್ಬಿ ಇಲ್ಲ, ಫೋನ್ ಮಾತ್ರ" ಅನ್ನೋರಿಗೆ ಒಂದು ಮಾತು. ಈಗಿನ ಫೋನುಗಳಲ್ಲಿ, ಐಫೋನಾದ್ರೆ 2020ರ ಐಓಎಸ್ 14ರಿಂದ, ಆಂಡ್ರಾಯ್ಡ್ ಆದ್ರೆ 14ನೇ ಆವೃತ್ತಿಯಿಂದ, ಆಪ್ ಫೋಟೋ ಕೇಳಿದಾಗ 'ಎಲ್ಲಾ' ಅಥವಾ 'ಆರಿಸಿದ್ದು ಮಾತ್ರ' ಅಂತ ಕೊಡಬಹುದು. ಬೇರೆ ಆಪ್‌ಗಳಿಗೆ 'ಆರಿಸಿದ್ದು ಮಾತ್ರ' ಕೊಡೋದೇ ಸರಿ. ಆದ್ರೆ ಫೋಟೋ ನಕಲು ಇಡೋ ಆಪ್‌ಗೂ ಹಾಗೇ ಒತ್ತಿದ್ರೆ ಆರಿಸಿದ ಹತ್ತು ಫೋಟೋ ಬಿಟ್ಟು ಉಳಿದದ್ದು ಅದರ ಕಣ್ಣಿಗೇ ಬೀಳಲ್ಲ. ಮೇಲಿನ ಮನೆ ಅಕ್ಕನ ಫೋನ್ ನೋಡಿದ್ರೆ ಹಾಗೇ ಇತ್ತು, ಮೊಮ್ಮಗಳ ನಾಮಕರಣದ ಒಂದು ಫೋಟೋನೂ ಹೋಗಿರಲಿಲ್ಲ. ವಿಂಡೋಸ್ ಲ್ಯಾಪ್‌ಟಾಪಿಂದ ಮನೆಯೊಳಗೆ ಫೋಲ್ಡರ್ ಹಂಚಿಕೊಳ್ಳೋರಿಗೆ ಎರಡು ಕಡೆ ಅನುಮತಿ ಇರುತ್ತೆ, ಹಂಚಿಕೆಗೆ ಒಂದು, ಫೋಲ್ಡರ್‌ಗೆ ಇನ್ನೊಂದು. ಗೇಟು, ಬಾಗಿಲು ಇದ್ದ ಹಾಗೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯೋದು. ಗೇಟ್ ತೆಗೆದಿದ್ದೀನಲ್ಲ ಅಂತ ಅಲ್ಲೇ ನಿಲ್ಲಬೇಡಿ.

ಈಗ ನಾನು ಮಗನಿಗೆ ಹೇಳಿದ್ದು ಎರಡೇ. ಡಬ್ಬಿಯ ಪಾಸ್‌ವರ್ಡ್ ನನಗೂ ಗೊತ್ತಿರಬೇಕು, ನಾನು ದೇವರ ಮನೆ ಪೆಟ್ಟಿಗೆಯಲ್ಲಿ ಬರೆದಿಡ್ತೀನಿ. ಅದು ಸರಿ ಅಲ್ಲ ಅಂತ ಅವನು ಒಂದು ಭಾಷಣ ಮಾಡಿದ. ಮಾಡಲಿ, ಕಳ್ಳ ಅಷ್ಟು ಒಳಗೆ ಬಂದ್ರೆ ಡಬ್ಬಿಯನ್ನೇ ಹೊತ್ತುಕೊಂಡು ಹೋಗ್ತಾನೆ. ಎರಡನೇದು, ದೀಪ ಹಸಿರಾಗಿದೆ ಅಂತ ನಾನಿನ್ನು ಹೂವಿಡಲ್ಲ. ಪ್ರತಿ ಅಮಾವಾಸ್ಯೆ ದಿನ, ಹೇಗೂ ಮನೆ ಧೂಳು ಹೊಡೀತೀನಲ್ಲ, ಡಬ್ಬಿಯಿಂದ ಯಾವುದಾದರೂ ಒಂದು ಫೈಲ್ ತೆಗೆದು ಪೂರ್ತಿ ನೋಡ್ತೀನಿ ಅಥವಾ ಕೇಳ್ತೀನಿ. ಬಹಳ ಹೊತ್ತು ಹಿಡಿಯಲ್ಲ, ಸಾರು ಕುದಿಯೋವಷ್ಟು. ಹಾಡುಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ನಾದಿನಿ ಜೊತೆ ಊರಿಗೂ ಹೋಯ್ತು. ಆ 40 ಸೆಕೆಂಡಿನದ್ದೂ ಹಾಕಿಕೊಟ್ಟೆ, ಅವಳೇ ಕೇಳಿದ್ಲು. ಮುಂದಿನ ನುಡಿ ನೆನಪಿರೋರು ಊರಲ್ಲಿ ಒಬ್ಬರು ಅಜ್ಜಿ ಇದ್ದಾರಂತೆ, ಕೂರಿಸಿ ಹಾಡಿಸ್ತೀನಿ ಅಂದಿದ್ದಾಳೆ.

ಮೊನ್ನೆ ಅಮಾವಾಸ್ಯೆಗೆ ತೆಗೆದದ್ದು ಹನ್ನೊಂದನೇದು, ರಾಗಿ ಬೀಸೋ ಪದ. ಮಧ್ಯದಲ್ಲಿ ಕುಕ್ಕರ್ ಕೂಗುತ್ತೆ. ನಮ್ಮತ್ತೆ ಹಾಡು ನಿಲ್ಲಿಸಿ, "ಒಲೆ ಸಣ್ಣ ಮಾಡೇ, ಬೇಳೆ ಹೊತ್ತುತ್ತೆ" ಅಂತಾರೆ. ನಾನು ಎದ್ದು ಹೋಗಿ ಒಲೆ ಸಣ್ಣ ಮಾಡಿ ಬಂದೆ. ಆಮೇಲೆ ನೋಡಿದ್ರೆ ಒಲೆ ಮೇಲೆ ಏನೂ ಇರಲಿಲ್ಲ.